ಒಡತಿಯ ಹೆಸರೆತ್ತದ ಆಟಗಾರ್ತಿಯರು

ತಂಡದ ಒಡತಿಯೇ ನಮ್ಮ ವಿರುದ್ಧ ನಿಂತರೆ ಏನು ಮಾಡೋದು? 2020ರ ಜುಲೈನಲ್ಲಿ ಅಮೆರಿಕದ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡ ಅಟ್ಲಾಂಟಾ ಡ್ರೀಮ್‌ನ ಆಟಗಾರ್ತಿಯರಿಗೆ ಈ ಪ್ರಶ್ನೆ ಎದುರಾಯಿತು. ಒಡತಿ ಭಾರೀ ಶ್ರೀಮಂತೆ. ಅಷ್ಟೇ ಅಲ್ಲ, ಅಮೆರಿಕದ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ಸದಸ್ಯೆ. ಆಟಗಾರ್ತಿಯರ ಕೈಯಲ್ಲಿ ಯಾವ ಅಧಿಕಾರವೂ ಇರಲಿಲ್ಲ. ಕೊನೆಗೆ ಅವರು ಹಿಡಿದ ಆಯುಧ ಒಂದು ಕಪ್ಪು ಟೀ ಶರ್ಟ್, ಅದರ ಮೇಲೆ ಎರಡೇ ಪದ. ಎಂಟು ತಿಂಗಳು ಕಳೆಯುವುದರೊಳಗೆ ಆ ಒಡತಿ ಸೆನೆಟ್‌ನಲ್ಲೂ ಇರಲಿಲ್ಲ, ತಂಡದಲ್ಲೂ ಇರಲಿಲ್ಲ.

ಅನ್ಯಾಯದ ವಿರುದ್ಧ ಆಟಗಾರರು ದನಿ ಎತ್ತಿದ ಸುದ್ದಿ ನಮ್ಮನ್ನು ತಲುಪುವುದು ಧೈರ್ಯದ ಕಥೆಯಾಗಿ. ಮಂಡಿಯೂರಿದರು, ಮುಷ್ಟಿ ಎತ್ತಿದರು, ಜನ ಚಪ್ಪಾಳೆ ತಟ್ಟಿದರು, ಮುಗೀತು. ಆ ಒಂದು ಗಳಿಗೆಯ ಹಿಂದೆ ಎಷ್ಟು ಲೆಕ್ಕಾಚಾರ ಇತ್ತು, ಮೊದಲು ಏನು ಮಾಡಿ ಸೋತಿದ್ದರು, ಯಾವಾಗ ದಾರಿ ಬದಲಿಸಿದರು ಅನ್ನೋದು ಕಾಣುವುದೇ ಇಲ್ಲ. ನನಗೆ ಮುಖ್ಯ ಅನ್ನಿಸಿದ್ದು ಅದು. ಸಂಘ ಕಟ್ಟುವವರಿಗೆ, ಕೆಲಸ ಮಾಡುವ ಕಡೆ ಅನ್ಯಾಯ ಕಂಡು ಏನು ಮಾಡಲಿ ಎಂದು ಯೋಚಿಸುವವರಿಗೆ ಇದರಿಂದ ಉಪಯೋಗ ಆಗಬಹುದು ಎಂದು ಬರೆಯುತ್ತಿದ್ದೇನೆ.

ಹೆಸರುಗಳ ಬಗ್ಗೆ ಮೊದಲೇ ಒಂದು ಮಾತು. ಇಲ್ಲಿ ಆಟಗಾರ್ತಿಯರ ಹೆಸರನ್ನೂ ಒಡತಿಯ ಹೆಸರನ್ನೂ ಬಿಟ್ಟಿದ್ದೇನೆ. ಎಲ್ಲವೂ ಬಹಿರಂಗವಾಗಿ ನಡೆದದ್ದು ನಿಜ. ಆದರೆ ಹೆಸರು ಬಂದ ಕೂಡಲೇ ನಮ್ಮ ಗಮನ ಆ ವ್ಯಕ್ತಿ ಒಳ್ಳೆಯವರಾ ಕೆಟ್ಟವರಾ ಎಂಬ ಕಡೆ ಹೋಗಿಬಿಡುತ್ತದೆ, ಅವರು ಮಾಡಿದ ತೀರ್ಮಾನ ಹಿಂದೆ ಉಳಿಯುತ್ತದೆ. ಇನ್ನೊಂದು ಕಾರಣವೂ ಇದೆ. ಒಡತಿಯ ಹೆಸರೆತ್ತಬಾರದು ಎಂಬುದು ಆ ಆಟಗಾರ್ತಿಯರೇ ಮಾಡಿಕೊಂಡ ನಿಯಮ. ಅದನ್ನು ನಾನೂ ಪಾಲಿಸುತ್ತೇನೆ.

ಮಾತಾಡಿದವರಿಗೆ ಮೊದಲು ಏನಾಗಿತ್ತು

ವೃತ್ತಿಪರ ಬ್ಯಾಸ್ಕೆಟ್‌ಬಾಲ್‌ನಲ್ಲಿ ಕಪ್ಪು ಆಟಗಾರರು ವರ್ಣಭೇದದ ವಿರುದ್ಧ ಮಾತಾಡಿದ್ದು ಇದೇ ಮೊದಲಲ್ಲ. 1961ರಲ್ಲೇ ಬಾಸ್ಟನ್ ತಂಡದ ಕಪ್ಪು ಆಟಗಾರರು ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್‌ನಲ್ಲಿ ಒಂದು ಪಂದ್ಯ ಆಡದೆ ವಾಪಸಾಗಿದ್ದರು. ಹೋಟೆಲಿನ ಕಾಫಿ ಶಾಪ್‌ನಲ್ಲಿ ಅವರಿಗೆ ತಿಂಡಿ ಕೊಡಲು ಒಪ್ಪಿರಲಿಲ್ಲ.

ಆದರೆ ಒಬ್ಬಂಟಿಯಾಗಿ ಮಾತಾಡಿದವರು ಬೆಲೆ ತೆತ್ತಿದ್ದೇ ಜಾಸ್ತಿ. ಷಿಕಾಗೋ ತಂಡ 1991ರಲ್ಲಿ ಚಾಂಪಿಯನ್ ಆಗಿ ಶ್ವೇತಭವನಕ್ಕೆ ಹೋದಾಗ ಒಬ್ಬ ಆಟಗಾರ ಆಫ್ರಿಕಾದ ದಶಿಕಿ ಅಂಗಿ ತೊಟ್ಟು ಹೋದ. ಕಪ್ಪು ಜನರ ಕಷ್ಟದ ಬಗ್ಗೆ ಅಧ್ಯಕ್ಷರಿಗೆ ಪತ್ರ ಬರೆದು ಒಯ್ದಿದ್ದ. ಮರುವರ್ಷ ಅವನ ಒಪ್ಪಂದ ಮುಗಿಯಿತು. ದೂರದಿಂದ ಗುರಿಯಿಟ್ಟು ಹೊಡೆಯುವುದರಲ್ಲಿ ಲೀಗ್‌ಗೇ ಹೆಸರಾಗಿದ್ದ ಅವನನ್ನು ಯಾವ ತಂಡವೂ ಕರೆಯಲಿಲ್ಲ. 1996ರಲ್ಲಿ ಡೆನ್ವರ್ ತಂಡದ ಇನ್ನೊಬ್ಬ ರಾಷ್ಟ್ರಗೀತೆಗೆ ನಿಲ್ಲಲು ಒಪ್ಪಲಿಲ್ಲ. ಲೀಗ್ ಅವನನ್ನು ಒಂದು ಪಂದ್ಯ ಹೊರಗಿಟ್ಟಿತು. ಆ ಒಂದೇ ದಿನಕ್ಕೆ ಅವನು ಕಳೆದುಕೊಂಡ ಸಂಬಳ 31,000 ಡಾಲರ್‌ಗೂ ಜಾಸ್ತಿ. ಆಟಗಾರ್ತಿಯರಿಗೆ ಈ ಕಥೆಗಳೆಲ್ಲ ಗೊತ್ತಿದ್ದವು.

ಅವರ ಲೀಗ್ ಡಬ್ಲ್ಯುಎನ್‌ಬಿಎ. ಆಗ ಇದ್ದದ್ದು 12 ತಂಡ, ತಂಡಕ್ಕೆ ಹೆಚ್ಚೆಂದರೆ 12 ಜನ. ಇಡೀ ದೇಶದಲ್ಲಿ 144 ಕೆಲಸ, ಅಷ್ಟೇ. ಒಬ್ಬಳು ಹೋದರೆ ಆ ಜಾಗಕ್ಕೆ ನೂರು ಜನ ಕಾಯುತ್ತಿರುತ್ತಾರೆ. ಗಂಡಸರ ಲೀಗ್‌ನ ತಾರೆಯರಂತೆ ಹತ್ತು ತಲೆಮಾರಿಗೆ ಸಾಕಾಗುವಷ್ಟು ದುಡ್ಡು ಇವರಿಗಿಲ್ಲ. ಎಷ್ಟೋ ಜನ ಬಿಡುವಿನ ತಿಂಗಳುಗಳಲ್ಲಿ ರಷ್ಯಾ, ಟರ್ಕಿ, ಚೀನಾಕ್ಕೆ ಹೋಗಿ ಆಡಿ ಸಂಪಾದಿಸುತ್ತಿದ್ದರು. ಆಟಗಾರ್ತಿಯರಲ್ಲಿ ಬಹುಪಾಲು ಕಪ್ಪು ಹೆಂಗಸರು. ಕಳೆದುಕೊಳ್ಳುವುದು ಬಹಳ ಇದ್ದರೂ ಸುಮ್ನೆ ಇರಲಾಗದ ಪರಿಸ್ಥಿತಿ ಅವರದ್ದು.

ಅವರಿಗೆ ದಾರಿ ತೋರಿಸಿದ್ದು 2016ರ ಬೇಸಿಗೆ. ಜುಲೈ 9ರಂದು ಮಿನಿಯಾಪೊಲಿಸ್‌ನಲ್ಲಿ ಮಿನೆಸೊಟಾ ತಂಡದವರು ಕಪ್ಪು ಶರ್ಟ್ ತೊಟ್ಟು ವಾರ್ಮ್‌ಅಪ್‌ಗೆ ಬಂದರು. ಅದೇ ವಾರ ಪೊಲೀಸರ ಗುಂಡಿಗೆ ಸತ್ತ ಇಬ್ಬರು ಕಪ್ಪು ಗಂಡಸರ ಹೆಸರು ಬೆನ್ನ ಮೇಲಿತ್ತು. ಡಲ್ಲಾಸ್‌ನಲ್ಲಿ ಕೊಲೆಯಾದ ಪೊಲೀಸರ ನೆನಪಿಗೆ ಅಲ್ಲಿನ ಪೊಲೀಸ್ ಲಾಂಛನವೂ ಇತ್ತು. ಎರಡೂ ಕಡೆಯ ಸಾವಿಗೆ ಅವರು ಮರುಗಿದ್ದರು. ಆದರೂ ಆ ರಾತ್ರಿ ಭದ್ರತೆಗೆ ಬಂದಿದ್ದ ನಾಲ್ವರು ಪೊಲೀಸರು ಕೆಲಸ ಬಿಟ್ಟು ಎದ್ದು ಹೋದರು. ಕೆಲವು ದಿನಗಳ ನಂತರ ಬೇರೆ ಮೂರು ತಂಡಗಳೂ ಕಪ್ಪು ಶರ್ಟ್ ತೊಟ್ಟಾಗ ಲೀಗ್ ತಂಡಕ್ಕೆ 5,000, ಆಟಗಾರ್ತಿಗೆ 500 ಡಾಲರ್ ದಂಡ ಹಾಕಿತು. ಆಗ ಆಟಗಾರ್ತಿಯರು ಒಂದು ಉಪಾಯ ಮಾಡಿದರು. ಪಂದ್ಯ ಮುಗಿದ ಮೇಲೆ ಪತ್ರಕರ್ತರು ಆಟದ ಬಗ್ಗೆ ಏನೇ ಕೇಳಲಿ, ಉತ್ತರ ಕೊಡಲಿಲ್ಲ. ಅನ್ಯಾಯದ ಬಗ್ಗೆ ಮಾತ್ರ ಮಾತಾಡುತ್ತೇವೆ ಎಂದರು. ಕೆಲವೇ ದಿನಗಳಲ್ಲಿ ಲೀಗ್ ದಂಡ ವಾಪಸ್ ತೆಗೆದುಕೊಂಡಿತು.

ಎಲ್ಲರೂ ಒಂದೇ ಮಾತು ಆಡಿದರೆ ಲೀಗ್ ಮಣಿಯುತ್ತದೆ ಎಂಬುದು ಆಗ ಅವರಿಗೆ ಅನುಭವದಿಂದಲೇ ಗೊತ್ತಾಯಿತು. ನಾಲ್ಕು ವರ್ಷದ ನಂತರ ಅದು ಕೆಲಸಕ್ಕೆ ಬಂತು.

ಬ್ರಿಯಾನಾ ಟೇಲರ್ ಹೆಸರಿನಲ್ಲಿ ಒಂದು ಸೀಸನ್

2020ರ ಮಾರ್ಚ್ 13ರ ನಡುರಾತ್ರಿ ಕೆಂಟಕಿಯ ಲೂಯಿವಿಲ್‌ನಲ್ಲಿ ಪೊಲೀಸರು ಬಾಗಿಲು ಮುರಿದು ಒಳನುಗ್ಗಿ ಹಾರಿಸಿದ ಗುಂಡಿಗೆ ಬ್ರಿಯಾನಾ ಟೇಲರ್ ತನ್ನ ಮನೆಯಲ್ಲೇ ಸತ್ತಳು. ವಯಸ್ಸು 26. ತುರ್ತು ವೈದ್ಯಕೀಯ ಸೇವೆಯಲ್ಲಿ ಕೆಲಸ ಮಾಡುತ್ತಿದ್ದವಳು. ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಪೊಲೀಸನ ಮಂಡಿಯಡಿ ಉಸಿರುಗಟ್ಟಿ ಸತ್ತರು. ಊರೂರಲ್ಲಿ ಜನ ಬೀದಿಗಿಳಿದರು.

ಕೊರೊನಾ ಕಾಲ ಬೇರೆ. ಡಬ್ಲ್ಯುಎನ್‌ಬಿಎ ಎಲ್ಲ 12 ತಂಡಗಳನ್ನೂ ಫ್ಲಾರಿಡಾದ ಬ್ರೇಡನ್‌ಟನ್‌ನ ಒಂದು ಕ್ರೀಡಾ ಅಕಾಡೆಮಿಯೊಳಗೆ ಇಟ್ಟು ಸೀಸನ್ ನಡೆಸಲು ತೀರ್ಮಾನಿಸಿತು. ಹೊರಗಿನವರು ಒಳಗೆ ಬರುವಂತಿಲ್ಲ, ಒಳಗಿನವರು ಹೊರಗೆ ಹೋಗುವಂತಿಲ್ಲ. ಈ ಮುಚ್ಚಿದ ಆವರಣವನ್ನು ‘ಬಬಲ್’ ಎಂದು ಕರೆದರು. ತಂಡಕ್ಕೆ 22 ಪಂದ್ಯ. ಆಟಗಾರ್ತಿಯರ ಸಂಘ ಲೀಗ್ ಜೊತೆ ಮಾತಾಡಿ ಸೀಸನ್ನನ್ನೇ ಬ್ರಿಯಾನಾ ಟೇಲರ್‌ಗೆ ಅರ್ಪಿಸಿತು. ಅಂಕಣದ ಮೇಲೆ ‘ಬ್ಲ್ಯಾಕ್ ಲೈವ್ಸ್ ಮ್ಯಾಟರ್’, ಅಂದರೆ ‘ಕಪ್ಪು ಜನರ ಜೀವಕ್ಕೆ ಬೆಲೆ ಇದೆ’ ಎಂದು ಬರೆಸಲಾಯಿತು. ಜರ್ಸಿಯ ಬೆನ್ನಿಗೆ ಬ್ರಿಯಾನಾ ಹೆಸರು. ವಾರ್ಮ್‌ಅಪ್ ಶರ್ಟ್ ಮೇಲೆ ‘ಸೇ ಹರ್ ನೇಮ್’, ಅಂದರೆ ‘ಅವಳ ಹೆಸರು ಹೇಳಿ’. ಪೊಲೀಸರ ಕೈಯಲ್ಲಿ ಸತ್ತ ಕಪ್ಪು ಗಂಡಸರ ಹೆಸರಾದರೂ ಜನರ ಬಾಯಲ್ಲಿ ಉಳಿಯುತ್ತದೆ, ಹೆಂಗಸರ ಹೆಸರು ಅಳಿಸಿಹೋಗುತ್ತದೆ ಎಂಬ ನೋವಿನಿಂದ ಹುಟ್ಟಿದ ಅಭಿಯಾನ ಅದು.

ಜುಲೈ 25ರ ಮೊದಲ ಪಂದ್ಯದಲ್ಲಿ ರಾಷ್ಟ್ರಗೀತೆಯ ಹೊತ್ತಿಗೆ ಎರಡೂ ತಂಡದವರು ಅಂಕಣ ಬಿಟ್ಟು ಒಳಗೆ ಹೋದರು. ಆಮೇಲೆ 26 ಸೆಕೆಂಡ್ ಮೌನ ನಿಂತರು. ಅವಳ ವಯಸ್ಸಿನಷ್ಟು.

ಒಡತಿಯ ಪತ್ರ

ಸೀಸನ್ ಶುರುವಾಗುವ ಮೊದಲೇ ಬೆಂಕಿ ಹತ್ತಿಕೊಂಡಿತ್ತು. ಅಟ್ಲಾಂಟಾ ತಂಡಕ್ಕೆ ಇಬ್ಬರು ಒಡತಿಯರು, ಇಬ್ಬರೂ ಬಿಳಿಯರು. ಅವರಲ್ಲೊಬ್ಬರು ಈ ಪ್ರಕರಣದ ಒಡತಿ. 2011ರಿಂದ ತಂಡದಲ್ಲಿ ಪಾಲು ಇಟ್ಟುಕೊಂಡವರು. ಅಟ್ಲಾಂಟಾ ಇರುವ ಜಾರ್ಜಿಯಾ ರಾಜ್ಯದ ಒಂದು ಸೆನೆಟ್ ಸ್ಥಾನ ನಡುವಿನಲ್ಲೇ ಖಾಲಿಯಾಗಿತ್ತು. 2019ರ ಡಿಸೆಂಬರ್‌ನಲ್ಲಿ ಗವರ್ನರ್ ಇವರನ್ನು ಆ ಜಾಗಕ್ಕೆ ಆರಿಸಿದರು. ಅಂದರೆ ಜನರ ಮತದಿಂದ ಬಂದವರಲ್ಲ. ಸ್ಥಾನ ಉಳಿಯಬೇಕಾದರೆ 2020ರ ನವೆಂಬರ್‌ನಲ್ಲಿ ಚುನಾವಣೆ ಗೆಲ್ಲಬೇಕಿತ್ತು. ಕಣದಲ್ಲಿ ಇದ್ದವರು 20 ಜನ. ಅವರದೇ ರಿಪಬ್ಲಿಕನ್ ಪಕ್ಷದ ಒಬ್ಬ ಸಂಸದರೂ ಎದುರು ನಿಂತಿದ್ದರು. ಕಟ್ಟಾ ಸಂಪ್ರದಾಯವಾದಿ ಮತದಾರರು ಯಾರ ಕಡೆ ವಾಲುತ್ತಾರೆ ಎಂಬುದರ ಮೇಲೆ ಇಬ್ಬರ ಭವಿಷ್ಯ ನಿಂತಿತ್ತು. ಈ ಅಂಶ ನೆನಪಿರಲಿ. ಇಡೀ ಪ್ರಕರಣದ ಕೀಲಿ ಇಲ್ಲೇ ಇದೆ.

ಜುಲೈ 7ರಂದು ಅವರು ಲೀಗ್‌ನ ಕಮಿಷನರ್‌ಗೆ ಪತ್ರ ಬರೆದರು. ಬ್ಲ್ಯಾಕ್ ಲೈವ್ಸ್ ಮ್ಯಾಟರ್ ಚಳವಳಿಗೆ ಲೀಗ್ ಬೆಂಬಲ ಕೊಡುವುದನ್ನು ವಿರೋಧಿಸಿದರು. ಆಟದಲ್ಲಿ ರಾಜಕೀಯ ಬೇಡ ಎಂದರು. ಜರ್ಸಿಗಳ ಮೇಲೆ ಅಮೆರಿಕದ ಧ್ವಜ ಹಾಕಿಸಿ ಎಂಬ ಸಲಹೆಯನ್ನೂ ಕೊಟ್ಟರು. ಪತ್ರ ಕೂಡಲೇ ಸುದ್ದಿಯಾಯಿತು.

ಆ ತಂಡದ ಹುಡುಗಿಯರ ಜಾಗದಲ್ಲಿ ನಿಂತು ಒಮ್ಮೆ ಯೋಚಿಸಿ. ನಿಮ್ಮ ಜೀವಕ್ಕೆ ಬೆಲೆ ಇದೆ ಎಂಬ ಮೂರು ಪದದ ಮಾತನ್ನು ನಿಮಗೆ ಸಂಬಳ ಕೊಡುವವರೇ ಒಪ್ಪುವುದಿಲ್ಲ. ಅದನ್ನು ನಿಮ್ಮ ಮುಂದೆ ಕೂತು ಹೇಳಲೂ ಇಲ್ಲ, ಊರಿಗೆಲ್ಲ ಗೊತ್ತಾದ ಮೇಲೆ ನಿಮಗೆ ಗೊತ್ತಾಯಿತು. ಎಷ್ಟು ನೋವಾಗಿರಬೇಡ?

ಮೊದಲ ದಾರಿ, ಅದು ಮುಚ್ಚಿದ ಬಗೆ

ಮೊದಲು ಅವರು ಮಾಡಿದ್ದು ಯಾರಾದರೂ ಮಾಡುವಂಥದ್ದೇ. ಸಂಘ ಸಿಟ್ಟಿನಿಂದ ಟ್ವೀಟ್ ಮಾಡಿತು: ಸಾಕು, ಹೊರಗೆ ಹಾಕಿ. ತಂಡದ ಒಬ್ಬ ಗಾರ್ಡ್ (ಚೆಂಡು ಮುನ್ನಡೆಸುವ ಸ್ಥಾನದ ಆಟಗಾರ್ತಿ) ಒಡತಿಗೆ ಬಹಿರಂಗ ಪತ್ರ ಬರೆದರು. ಆಕೆ ಆ ವರ್ಷ ಆಟ ಬಿಟ್ಟು ಸಾಮಾಜಿಕ ಕೆಲಸಕ್ಕೆ ಇಳಿಯುತ್ತೇನೆ ಎಂದು ಜೂನ್‌ನಲ್ಲೇ ಹೇಳಿದ್ದವರು. ತಂಡದವರೆಲ್ಲ ಸೇರಿ ಒಂದು ಹೇಳಿಕೆ ಕೊಟ್ಟರು. ಶತಮಾನಗಳ ಅಸಮಾನತೆಯ ನಂತರ ಬದಲಾವಣೆ ಕೇಳುವುದು ಅತಿಯಲ್ಲ, ಇದು ರಾಜಕೀಯದ ಮಾತಲ್ಲ, ಮನುಷ್ಯತ್ವದ ಮಾತು ಎಂಬುದು ಅದರ ತಿರುಳು.

ಅವರ ಕಣ್ಣ ಮುಂದೆ ಒಂದು ಹಳೆಯ ಉದಾಹರಣೆ ಇತ್ತು. 2014ರಲ್ಲಿ ಗಂಡಸರ ಲೀಗ್‌ನ ಲಾಸ್ ಏಂಜಲೀಸ್ ತಂಡವೊಂದರ ಮಾಲೀಕ ಕಪ್ಪು ಜನರ ಬಗ್ಗೆ ಆಡಿದ ಹೀನ ಮಾತಿನ ಧ್ವನಿಮುದ್ರಿಕೆ ಹೊರಬಿದ್ದಿತ್ತು. ಆಟಗಾರರು ವಾರ್ಮ್‌ಅಪ್ ಅಂಗಿಯನ್ನು ಒಳಹೊರಗು ಮಾಡಿ ತೊಟ್ಟು, ತಂಡದ ಹೆಸರೇ ಕಾಣದಂತೆ ಅಂಕಣಕ್ಕೆ ಬಂದರು. ಎರಡೇ ದಿನದಲ್ಲಿ ಆ ಮಾಲೀಕನಿಗೆ ಆಜೀವ ನಿಷೇಧ, 25 ಲಕ್ಷ ಡಾಲರ್ ದಂಡ. ತಂಡ ಮಾರಾಟವೂ ಆಯಿತು.

ಈ ಸಲ ಹಾಗೆ ಆಗಲಿಲ್ಲ. ಒಡತಿ 2019ರ ಅಕ್ಟೋಬರ್‌ನಿಂದ ತಂಡದ ದಿನನಿತ್ಯದ ಕೆಲಸದಲ್ಲಿ ಇಲ್ಲ, ಪಾಲು ಮಾರಿ ಎಂದು ಒತ್ತಾಯಿಸುವುದಿಲ್ಲ ಎಂದಿತು ಲೀಗ್. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ನಿಲುವು. ಲೀಗ್‌ನ ಕಷ್ಟ ನನಗೆ ಅರ್ಥ ಆಗುತ್ತದೆ. 2014ರಲ್ಲಿ ಸಿಕ್ಕಿದ್ದು ಯಾರೂ ಸಮರ್ಥಿಸಲಾಗದ ಮಾತು. ಇಲ್ಲಿ ಇದ್ದದ್ದು ಅಧಿಕಾರದಲ್ಲಿರುವ ಸೆನೆಟರ್ ಒಬ್ಬರ ರಾಜಕೀಯ ಅಭಿಪ್ರಾಯ. ಅದಕ್ಕಾಗಿ ಆಸ್ತಿ ಮಾರಿಸಿದರೆ ದೊಡ್ಡ ಗಲಾಟೆ ಆಗುತ್ತಿತ್ತು. ಅರ್ಥ ಆಗುತ್ತದೆ ನಿಜ, ಆದರೆ ಆಟಗಾರ್ತಿಯರ ಬೆನ್ನಿಗೆ ನಿಂತಂತೆ ಆಗಲಿಲ್ಲ.

ಇದಕ್ಕಿಂತ ಕೆಟ್ಟದ್ದು ಇನ್ನೊಂದು ನಡೆಯುತ್ತಿತ್ತು. ಹೊರಗೆ ಹಾಕಿ ಎಂದು ಇವರು ಕೂಗಿದಷ್ಟೂ ಒಡತಿಗೆ ಟಿವಿಯಲ್ಲಿ ಜಾಗ ಸಿಗುತ್ತಿತ್ತು. ನೋಡಿ, ನನ್ನ ಬಾಯಿ ಮುಚ್ಚಿಸಲು ಹೊರಟಿದ್ದಾರೆ, ಆದರೂ ನಾನು ಬಗ್ಗಲಿಲ್ಲ ಎಂದು ಅವರು ಹೇಳಿಕೊಳ್ಳಬಹುದಿತ್ತು, ಹೇಳಿಕೊಂಡರು ಕೂಡ. ಅವರಿಗೆ ಬೇಕಿದ್ದದ್ದು ಕಟ್ಟಾ ಸಂಪ್ರದಾಯವಾದಿಗಳ ಮತ. ಆ ಮತದಾರರ ಎದುರು ಇದಕ್ಕಿಂತ ಒಳ್ಳೆಯ ಪ್ರಚಾರ ಯಾವುದಿದೆ? ಆಟಗಾರ್ತಿಯರ ಸಿಟ್ಟು ನಿಜವಾದದ್ದು, ನ್ಯಾಯವಾದದ್ದು. ಆದರೆ ಅದು ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ ಆಗುತ್ತಿತ್ತು.

ತಿರುವು

ಜುಲೈ ಮೂರನೇ, ನಾಲ್ಕನೇ ವಾರದಲ್ಲಿ ಸಂಘದ ಮಾತುಕತೆ ಬೇರೆ ದಿಕ್ಕು ಹಿಡಿಯಿತು. ಸಿಯಾಟಲ್ ತಂಡದ ಬಹಳ ಹಿರಿಯ ಆಟಗಾರ್ತಿಯೊಬ್ಬರು ಒಂದು ವಿಚಾರ ಮುಂದಿಟ್ಟರು. ನಾವು ಅವರ ಮಾತನ್ನು ಎತ್ತಿದರೆ ಲಾಭ ಅವರಿಗೆ. ಅದರ ಬದಲು ಅವರ ಎದುರು ನಿಂತ ಅಭ್ಯರ್ಥಿಯ ಕೈ ಬಲಪಡಿಸಿದರೆ ಹೇಗೆ?

ಸಲೀಸಾಗಿ ಕಾಣುವ ಮಾತು. ಆದರೆ ಇದಕ್ಕೆ ಸಿಟ್ಟನ್ನು ನುಂಗಿಕೊಳ್ಳಬೇಕಿತ್ತು. ಎದುರಾಳಿಗೆ ಬೈಯುವಾಗ ಮನಸ್ಸು ಹಗುರ ಆಗುತ್ತದೆ ಅಲ್ವಾ? ಆ ಸಮಾಧಾನವನ್ನು ಅವರು ತಾವಾಗಿಯೇ ಬಿಟ್ಟುಕೊಟ್ಟರು. ಅಂದಿನಿಂದ ಪತ್ರಕರ್ತರ ಮುಂದೆ ಒಡತಿಯ ಹೆಸರೆತ್ತುವುದನ್ನು ನಿಲ್ಲಿಸಿದರು. ಬೆನ್ನ ಮೇಲೆ ‘ಅವಳ ಹೆಸರು ಹೇಳಿ’ ಎಂದು ಬರೆಸಿಕೊಂಡವರೇ ಇನ್ನೊಬ್ಬರ ಹೆಸರು ಹೇಳಬಾರದು ಎಂದು ತೀರ್ಮಾನಿಸಿದ್ದರು. ಹೆಸರು ಹೇಳುವುದಕ್ಕೆ ಎಷ್ಟು ಶಕ್ತಿ ಇದೆ ಎಂದು ಅವರಿಗೆ ಗೊತ್ತಿತ್ತು. ಅದಕ್ಕೇ ಅದನ್ನು ಎಲ್ಲಿ ಬಳಸಬೇಕು, ಎಲ್ಲಿ ತಡೆಹಿಡಿಯಬೇಕು ಎಂದು ಯೋಚಿಸಿದರು.

ಹಾಗಾದರೆ ಯಾರ ಹೆಸರು ಹೇಳುವುದು? ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಗಳೇ ಹಲವರಿದ್ದರು. ಅವರಲ್ಲಿ ಒಬ್ಬರು ರಾಫೆಲ್ ವಾರ್ನಾಕ್. ಅಟ್ಲಾಂಟಾದ ಎಬನೀಜರ್ ಬ್ಯಾಪ್ಟಿಸ್ಟ್ ಚರ್ಚ್‌ನಲ್ಲಿ 2005ರಿಂದ ಮುಖ್ಯ ಪಾದ್ರಿ. ಮಾರ್ಟಿನ್ ಲೂಥರ್ ಕಿಂಗ್ ಬೋಧಿಸುತ್ತಿದ್ದ ಚರ್ಚ್ ಅದೇ. ಊರಲ್ಲಿ ಗೌರವ ಇತ್ತು, ಆದರೆ ಚುನಾವಣೆಗೆ ನಿಂತದ್ದು ಇದೇ ಮೊದಲು. ಆಗಿನ ಸಮೀಕ್ಷೆಗಳಲ್ಲಿ ಅವರು ತೀರಾ ಹಿಂದೆ ಇದ್ದರು. ಒಂದರಲ್ಲಂತೂ ನೂರಕ್ಕೆ ಒಂಬತ್ತು ಜನರ ಬೆಂಬಲ.

ಆಟಗಾರ್ತಿಯರು ಅವರನ್ನು ಕಣ್ಣುಮುಚ್ಚಿ ಒಪ್ಪಿಕೊಳ್ಳಲಿಲ್ಲ. ನನಗೆ ಈ ಪ್ರಕರಣದಲ್ಲಿ ಬಹಳ ಇಷ್ಟವಾದ ಭಾಗ ಇದು. ಒಡತಿಯನ್ನು ಸೋಲಿಸುವವರು ಯಾರಾದರೇನು ಎಂದು ಮುನ್ನುಗ್ಗಬಹುದಿತ್ತು. ಅವರು ಮಾಡಿದ್ದು ಬೇರೆ. ಬಬಲ್‌ನೊಳಗಿಂದಲೇ ಝೂಮ್‌ನಲ್ಲಿ ವಾರ್ನಾಕ್ ಅವರನ್ನು ಕೂರಿಸಿಕೊಂಡು ಪ್ರಶ್ನೆ ಕೇಳಿದರು. ಪೊಲೀಸ್, ಜೈಲು, ನ್ಯಾಯ ವ್ಯವಸ್ಥೆಯ ಸುಧಾರಣೆ ಬಗ್ಗೆ ನಿಮ್ಮ ನಿಲುವೇನು? ಹೆಣ್ಣಿಗೆ ತನ್ನ ದೇಹದ ಮೇಲಿನ ಹಕ್ಕಿನ ಬಗ್ಗೆ? ಸಲಿಂಗಿಗಳ ಹಕ್ಕುಗಳ ಬಗ್ಗೆ? ಲೀಗ್‌ನಲ್ಲಿ ಸಲಿಂಗಿ ಆಟಗಾರ್ತಿಯರು ಬಹಳ ಜನ. ಎದುರಿಗಿದ್ದವರು ಚರ್ಚಿನ ಪಾದ್ರಿ. ಹಾಗಾಗಿ ಕೊನೆಯ ಪ್ರಶ್ನೆ ಕೇಳಲೇಬೇಕಿತ್ತು. ಉತ್ತರಗಳು ಸಮಾಧಾನ ಕೊಟ್ಟ ಮೇಲೆ ಮುಂದಿನ ಹೆಜ್ಜೆ ಇಟ್ಟರು. ಜಾರ್ಜಿಯಾ ರಾಜಕೀಯ ಬಲ್ಲ ಹಿರಿಯ ಹೆಂಗಸರ ಸಲಹೆಯೂ ಸಿಕ್ಕಿತು. 2018ರಲ್ಲಿ ಗವರ್ನರ್ ಚುನಾವಣೆಗೆ ನಿಂತು ಸೋತಿದ್ದ ಸ್ಟೇಸಿ ಏಬ್ರಮ್ಸ್ ಸಂಘದ ಸಲಹೆಗಾರರ ಮಂಡಳಿಯಲ್ಲೇ ಇದ್ದರು.

ಇನ್ನೊಂದು ತೀರ್ಮಾನ ದಿನದ್ದು. ಆತುರ ಪಡಲಿಲ್ಲ. ರಾಷ್ಟ್ರೀಯ ಚಾನೆಲ್‌ನಲ್ಲಿ ನೇರ ಪ್ರಸಾರ ಆಗುವ ಪಂದ್ಯಕ್ಕೆ ಕಾದರು. ಮೂರನೆಯದು, ಒಬ್ಬರೇ ನಿಲ್ಲಬಾರದು ಎಂಬುದು. ಕೆಲಸ ಹೋಗುವ ಅಪಾಯ ಜಾಸ್ತಿ ಇದ್ದದ್ದು ಅಟ್ಲಾಂಟಾದವರಿಗೆ. ಅವರ ಜೊತೆ ಬೇರೆ ತಂಡದವರೂ ಅದೇ ಶರ್ಟ್ ತೊಟ್ಟರೆ ಒಬ್ಬರ ಮೇಲೆ ಕೈ ಮಾಡುವುದು ಕಷ್ಟ.

2020ರ ಆಗಸ್ಟ್ 4. ಅಟ್ಲಾಂಟಾ ಮತ್ತು ಫೀನಿಕ್ಸ್ ತಂಡಗಳ ಪಂದ್ಯ. ಆಟಗಾರ್ತಿಯರು ಒಬ್ಬೊಬ್ಬರಾಗಿ ಒಳಗೆ ಬಂದರು. ಎಲ್ಲರ ಮೈಮೇಲೆ ಕಪ್ಪು ಟೀ ಶರ್ಟ್, ಎದೆಯ ಮೇಲೆ ‘ವೋಟ್ ವಾರ್ನಾಕ್’. ಬೈಗುಳ ಇಲ್ಲ, ಘೋಷಣೆ ಇಲ್ಲ. ತಂಡದ ಒಡತಿಯ ಎದುರಾಳಿಗೆ ಮತ ಹಾಕಿ ಎಂದು ತಂಡವೇ ಕೇಳುತ್ತಿತ್ತು.

ಮುಂದಿನ ಎರಡು ದಿನಗಳಲ್ಲಿ ವಾರ್ನಾಕ್ ಪ್ರಚಾರಕ್ಕೆ 1,83,000 ಡಾಲರ್‌ಗೂ ಜಾಸ್ತಿ ದೇಣಿಗೆ ಬಂತು. ಕೊಟ್ಟವರು ಸುಮಾರು 3,500 ಹೊಸ ಜನ. ತಲೆಗೆ ಸರಾಸರಿ ಐವತ್ತು ಡಾಲರ್ ಆಸುಪಾಸು. ಶ್ರೀಮಂತರ ದುಡ್ಡಲ್ಲ ಅದು. ಒಡತಿ ಮತ್ತೆ ಅದೇ ಮಾತು ಹೇಳಿದರು, ಇದು ಭಿನ್ನ ಅಭಿಪ್ರಾಯ ಸಹಿಸದ ಸಂಸ್ಕೃತಿ ಎಂದು. ಆದರೆ ಈ ಸಲ ಕಿತ್ತಾಡಲು ಎದುರಿಗೆ ಯಾರೂ ಸಿಗಲಿಲ್ಲ. ಆಟಗಾರ್ತಿಯರು ಅವರ ಬಗ್ಗೆ ಮಾತಾಡುತ್ತಲೇ ಇರಲಿಲ್ಲ.

ನಡುವೆ ಎರಡು ರಾತ್ರಿ

ಆಗಸ್ಟ್ 23ರಂದು ವಿಸ್ಕಾನ್ಸಿನ್‌ನ ಕೆನೋಶಾದಲ್ಲಿ ಜೇಕಬ್ ಬ್ಲೇಕ್ ಎಂಬ ಕಪ್ಪು ಯುವಕನ ಮೇಲೆ ಪೊಲೀಸನೊಬ್ಬ ಏಳು ಗುಂಡು ಹಾರಿಸಿದ. 26ರಂದು ಗಂಡಸರ ಲೀಗ್‌ನ ಮಿಲ್‌ವಾಕೀ ತಂಡ ಪ್ಲೇಆಫ್ ಪಂದ್ಯಕ್ಕೆ ಅಂಕಣಕ್ಕೇ ಬರಲಿಲ್ಲ. ಅದೇ ಸಂಜೆ ಬ್ರೇಡನ್‌ಟನ್‌ನಲ್ಲಿ ವಾಷಿಂಗ್ಟನ್ ತಂಡದವರು ಬಿಳಿ ಟೀ ಶರ್ಟ್ ತೊಟ್ಟು ಬಂದರು. ಎದೆಯ ಮೇಲೆ ಜೇಕಬ್ ಬ್ಲೇಕ್ ಹೆಸರಿನ ಅಕ್ಷರಗಳು. ಬೆನ್ನ ಮೇಲೆ ಏಳು ಗುಂಡಿನ ಗುರುತು. ಪಂದ್ಯಗಳು ನಡೆಯಲಿಲ್ಲ. ಎಲ್ಲರ ಪರವಾಗಿ ಹೇಳಿಕೆ ಓದಿದವರು ಅಟ್ಲಾಂಟಾದ ಒಬ್ಬ ಆಟಗಾರ್ತಿ. ಮಾರನೆಯ ದಿನವೂ ಆಟ ಇರಲಿಲ್ಲ.

ಸೀಸನ್ ಪೂರ್ತಿ ಬಿಟ್ಟು ಮನೆಗೆ ಹೋಗಬಹುದಿತ್ತು. ಅವರು 28ಕ್ಕೆ ವಾಪಸ್ ಆಡಲು ಇಳಿದರು. ನನ್ನ ಪ್ರಕಾರ ಅದು ಸರಿಯಾದ ತೀರ್ಮಾನ. ಆ ಅಂಕಣವೇ ಅವರ ವೇದಿಕೆ. ಕ್ಯಾಮೆರಾ ಇದ್ದದ್ದು ಅಲ್ಲಿ. ಮನೆಗೆ ಹೋದರೆ 144 ಜನ 144 ಕಡೆ ಚದುರಿಹೋಗುತ್ತಿದ್ದರು. ಸೋಂಕಿನ ಭಯಕ್ಕೆ ಕಟ್ಟಿದ ಬಬಲ್ ಅವರನ್ನು ಒಂದೇ ಕಡೆ ಕೂಡಿಹಾಕಿತ್ತು. 12 ಊರಿನ ತಂಡಗಳು ಒಂದೇ ಆವರಣದಲ್ಲಿ. ಇಂಥ ಒಗ್ಗಟ್ಟು ಬೇರೆ ವರ್ಷ ಸಾಧ್ಯವಾಗುತ್ತಿರಲಿಲ್ಲವೇನೋ.

ಒಂದು ವಿಷಯ ಹೇಳಿಬಿಡುತ್ತೇನೆ. ಅಂಕಣದಲ್ಲಿ ಅಟ್ಲಾಂಟಾಕ್ಕೆ ಅದು ಒಳ್ಳೆಯ ವರ್ಷವಲ್ಲ. 22 ಪಂದ್ಯಗಳಲ್ಲಿ ಗೆದ್ದದ್ದು ಏಳು. ಪ್ಲೇಆಫ್‌ಗೆ ಹೋಗಲಿಲ್ಲ.

ಫಲಿತಾಂಶ

ನವೆಂಬರ್ 3ರ ಎಣಿಕೆಯಲ್ಲಿ ವಾರ್ನಾಕ್ ಮೊದಲ ಸ್ಥಾನಕ್ಕೆ ಬಂದಿದ್ದರು, ಸುಮಾರು ಶೇ. 33 ಮತ. ಒಡತಿಗೆ ಶೇ. 26. ಜಾರ್ಜಿಯಾದ ನಿಯಮದ ಪ್ರಕಾರ ಯಾರಿಗೂ ಅರ್ಧಕ್ಕಿಂತ ಜಾಸ್ತಿ ಬರದಿದ್ದರೆ ಮೊದಲಿಬ್ಬರ ನಡುವೆ ಮತ್ತೆ ಚುನಾವಣೆ. 2021ರ ಜನವರಿ 5ರಂದು ಅದು ನಡೆಯಿತು. ವಾರ್ನಾಕ್ ಶೇ. 51, ಒಡತಿ ಶೇ. 49. ಅಂತರ ಒಂದು ಲಕ್ಷ ಮತಕ್ಕೂ ಕಡಿಮೆ. ಜಾರ್ಜಿಯಾದಿಂದ ಸೆನೆಟ್‌ಗೆ ಹೋದ ಮೊದಲ ಕಪ್ಪು ವ್ಯಕ್ತಿ ಅವರು. ಅದೇ ದಿನ ರಾಜ್ಯದ ಇನ್ನೊಂದು ಸ್ಥಾನವೂ ಡೆಮಾಕ್ರಟಿಕ್ ಪಕ್ಷಕ್ಕೆ ಬಂದು, ಸೆನೆಟ್‌ನ ಬಹುಮತವೇ ಕೈ ಬದಲಿಸಿತು.

ಇದನ್ನೆಲ್ಲ ಟೀ ಶರ್ಟ್ ಮಾಡಿತು ಎಂದರೆ ತಪ್ಪಾಗುತ್ತದೆ. ಜಾರ್ಜಿಯಾದಲ್ಲಿ ಕಪ್ಪು ಹೆಂಗಸರೇ ಮುಂದೆ ನಿಂತು ವರ್ಷಗಟ್ಟಲೆ ಮನೆಮನೆಗೆ ಹೋಗಿ ಮತದಾರರ ಪಟ್ಟಿಗೆ ಹೆಸರು ಸೇರಿಸಿದ್ದರು. ಗೆಲುವಿನ ಬೇರು ಅಲ್ಲಿದೆ. ಆಟಗಾರ್ತಿಯರು ಮಾಡಿದ್ದು ಇಷ್ಟು: ಇಪ್ಪತ್ತು ಜನರ ಗುಂಪಿನಲ್ಲಿ ಕಾಣದೆ ಹೋಗುತ್ತಿದ್ದ ಒಬ್ಬ ಅಭ್ಯರ್ಥಿಯ ಮೇಲೆ, ಸರಿಯಾದ ಹೊತ್ತಿಗೆ ಬೆಳಕು ಬೀಳುವ ಹಾಗೆ ಮಾಡಿದರು. ಓಟದ ಶುರುವಿನಲ್ಲಿ ಸಿಕ್ಕ ಆ ದೇಣಿಗೆ, ಆ ಗುರುತು ಬಹಳ ದೊಡ್ಡದು. ಮೂರು ತಿಂಗಳು ತಡವಾಗಿದ್ದರೆ ಅಷ್ಟೇ ಶರ್ಟುಗಳಿಂದ ಅಷ್ಟು ಉಪಯೋಗ ಆಗುತ್ತಿರಲಿಲ್ಲ.

ಆಟಗಾರರು ಪಕ್ಷ ರಾಜಕೀಯಕ್ಕೆ ಇಳಿಯಬೇಕಿತ್ತಾ ಎಂದು ಕೇಳುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಪ್ರಶ್ನೆ ತಪ್ಪಲ್ಲ. ಸಂಘದಲ್ಲಿ ಬೇರೆ ಪಕ್ಷದ ಒಲವಿನವರೂ ಇರಬಹುದು. ಒಬ್ಬ ಅಭ್ಯರ್ಥಿಯ ಹೆಸರು ಹಾಕಿಕೊಂಡ ಮೇಲೆ ನಾಳೆ ಅವರು ಮಾಡುವ ತಪ್ಪಿಗೂ ನೀವು ಉತ್ತರ ಕೊಡಬೇಕಾಗುತ್ತದೆ. ‘ಮನುಷ್ಯತ್ವದ ಮಾತು’ ಎಂದು ಜುಲೈನಲ್ಲಿ ಹೇಳಿದವರು ಆಗಸ್ಟ್‌ನಲ್ಲಿ ಮತ ಕೇಳಿದರು, ಅದೂ ನಿಜ. ಆದರೆ ಎದುರಿಗೆ ಇದ್ದವರು ಬರೀ ಮಾಲೀಕರಲ್ಲ, ಅದೇ ಚುನಾವಣೆಯ ಅಭ್ಯರ್ಥಿ. ಆಟಗಾರ್ತಿಯರ ನೋವನ್ನು ತಮ್ಮ ಪ್ರಚಾರಕ್ಕೆ ಬಳಸಿಕೊಂಡವರು. ಲೀಗ್ ಬಾಗಿಲು ಮುಚ್ಚಿದ ಮೇಲೆ ಅವರಿಗೆ ಉಳಿದಿದ್ದ ಬಾಗಿಲು ಮತಗಟ್ಟೆಯದ್ದು ಮಾತ್ರ. ನಾನಂತೂ ಅವರು ಮಾಡಿದ್ದು ಸರಿ ಎನ್ನುತ್ತೇನೆ.

ಅವರಿಂದ ಆಗದೆ ಉಳಿದದ್ದನ್ನೂ ಹೇಳಬೇಕು. ಸೀಸನ್ ಅರ್ಪಿಸಿದ್ದು ಬ್ರಿಯಾನಾ ಟೇಲರ್‌ಗೆ. 2020ರ ಸೆಪ್ಟೆಂಬರ್‌ನಲ್ಲಿ ಲೂಯಿವಿಲ್ ನಗರ ಅವಳ ಕುಟುಂಬಕ್ಕೆ 1 ಕೋಟಿ 20 ಲಕ್ಷ ಡಾಲರ್ ಕೊಡಲು ಒಪ್ಪಿತು. ಎಂಟು ದಿನ ಬಿಟ್ಟು ಕೆಂಟಕಿಯ ಗ್ರ್ಯಾಂಡ್ ಜ್ಯೂರಿ (ಆರೋಪ ಹೊರಿಸಬೇಕೇ ಎಂದು ತೀರ್ಮಾನಿಸುವ ನಾಗರಿಕರ ಮಂಡಳಿ) ಒಬ್ಬ ಪೊಲೀಸನ ಮೇಲೆ ಮಾತ್ರ ಆರೋಪ ಹೊರಿಸಿತು. ಅದು ಪಕ್ಕದ ಮನೆಗೆ ಗುಂಡು ನುಗ್ಗಿಸಿ ಅಲ್ಲಿದ್ದವರ ಜೀವಕ್ಕೆ ಅಪಾಯ ತಂದದ್ದಕ್ಕೆ. ಅವಳ ಸಾವಿಗೆ ಆ ಜ್ಯೂರಿ ಯಾರ ಮೇಲೂ ಆರೋಪ ಹೊರಿಸಲಿಲ್ಲ. ಅದೇ ಪೊಲೀಸ ಅವಳ ನಾಗರಿಕ ಹಕ್ಕು ಮೀರಿದ ಎಂದು ಫೆಡರಲ್ ನ್ಯಾಯಾಲಯದಲ್ಲಿ ಸಾಬೀತಾದದ್ದು 2024ರಲ್ಲಿ. ಶಿಕ್ಷೆ ಆದದ್ದು 2025ರ ಜುಲೈನಲ್ಲಿ, 33 ತಿಂಗಳು. ಟೀ ಶರ್ಟ್ ಒಂದು ಚುನಾವಣೆಗೆ ತಳ್ಳು ಕೊಡಬಲ್ಲದು. ಆ ಮನೆಯ ಬಾಗಿಲಿನ ತನಕ ಅದು ಮುಟ್ಟಲಿಲ್ಲ.

2021ರ ಫೆಬ್ರವರಿ 26ರಂದು ಅಟ್ಲಾಂಟಾ ಡ್ರೀಮ್ ಮಾರಾಟಕ್ಕೆ ಒಪ್ಪಿಗೆ ಸಿಕ್ಕಿತು. ಇಬ್ಬರು ಹಳೆಯ ಒಡತಿಯರೂ ಹೊರಗೆ ಹೋದರು. ಕೊಂಡವರು ಮೂವರು: ಜಮೀನು ಕಟ್ಟಡ ವ್ಯವಹಾರದ ಒಬ್ಬ ಹೂಡಿಕೆದಾರ, ಅವರದೇ ಕಂಪನಿಯ ಹಿರಿಯ ಅಧಿಕಾರಿಯಾಗಿದ್ದ ಒಬ್ಬ ಮಹಿಳೆ, ಮತ್ತು ಆ ಗಾರ್ಡ್. ಜೂನ್‌ನಲ್ಲಿ ಆಟ ಬಿಟ್ಟವರು, ಜುಲೈನಲ್ಲಿ ಒಡತಿಗೆ ಬಹಿರಂಗ ಪತ್ರ ಬರೆದವರು. ಲೀಗ್‌ನ ಮಾಜಿ ಆಟಗಾರ್ತಿಯೊಬ್ಬರು ಒಂದು ತಂಡದ ಒಡತಿಯೂ ಆಗಿ ಆಡಳಿತದ ಹೊಣೆಯನ್ನೂ ಹೊತ್ತದ್ದು ಅದೇ ಮೊದಲು. 2016ರ ಆ ರಾತ್ರಿ ಮಿನಿಯಾಪೊಲಿಸ್‌ನಲ್ಲಿ ನಾಲ್ವರು ಪೊಲೀಸರು ಎದ್ದು ಹೋದಾಗ, ಕಪ್ಪು ಶರ್ಟ್ ತೊಟ್ಟ ಆ ತಂಡದಲ್ಲಿ ಆಕೆಯೂ ಇದ್ದರು.